ಕೆರೆಯಂಗಳದ ಕಾಫಿ ಹೋಟೆಲುಗಳು

ಚೆನ್ನೈನ ತ್ಯಾಗರಾಯ ನಗರದಲ್ಲಿ, ಎಲ್ಲರ ಬಾಯಲ್ಲೂ ಟಿ. ನಗರವಾಗಿರುವ ಆ ಬಡಾವಣೆಯಲ್ಲಿ, ಚಾರಿತ್ರಿಕವೆಂದು ಕರೆಯಬಹುದಾದ ಪಬ್ಬು ಇಲ್ಲ. ಇಂಗ್ಲೆಂಡಿನ ಹಳೆಯ ನಗರಗಳಲ್ಲಿ ಒಂದು ಓಣಿಯ ಚರಿತ್ರೆಯನ್ನು ತಿಳಿಯಬೇಕೆನ್ನುವವರು ಅಲ್ಲಿನ ಪಬ್ಬಿಗೆ, ಅಂದರೆ ಮದ್ಯದ ಜೊತೆಗೆ ಊಟ, ಹರಟೆ, ನೆರೆಹೊರೆಯ ಸುದ್ದಿ ಎಲ್ಲವೂ ದೊರೆಯುವ ಪಾನಗೃಹಕ್ಕೆ, ಹೋಗಿ ಕೂರುತ್ತಾರೆ. ಬೆಂಗಳೂರಿನಲ್ಲಿಯೂ 1933ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಡ್ಯೂವರ್ಸ್ ಬಾರಿನಂಥ ಜಾಗಗಳು ದಂಡು ಪ್ರದೇಶದ ಬದುಕಿಗೆ ಬಹುಕಾಲ ಸಾಕ್ಷಿಯಾಗಿದ್ದವು. ಟಿ. ನಗರದಲ್ಲಿ ಆ ಕೆಲಸವನ್ನು ಮಾಡಿದ್ದು ಕಾಫಿ ಹೋಟೆಲು, ಅದರಲ್ಲೂ ಕನ್ನಡ ಕರಾವಳಿಯಿಂದ ಬರಿಗೈಯಲ್ಲಿ ಹೋದವರು ಕಟ್ಟಿದ ಉಡುಪಿ ಹೋಟೆಲು. ಮದುವೆಯ ಸೀರೆಗೆಂದು, ಒಡವೆಗೆಂದು ಕರ್ನಾಟಕದಿಂದ ಅಲ್ಲಿಗೆ ಹೋಗುವವರು ಎರಡು ಅಂಗಡಿಗಳ ನಡುವೆ ಅರ್ಧ ಗಂಟೆ ಕುಳಿತು ದಣಿವಾರಿಸಿಕೊಂಡು ಎದ್ದು ಬರುವ ಆ ಮೇಜುಗಳ ಹಿಂದೆ ಒಂದು ಶತಮಾನದ ದುಡಿಮೆಯಿದೆ, ಒಂದು ಕಾನೂನಿನ ಚರಿತ್ರೆಯಿದೆ, ಬಗೆಹರಿಯಲು ಬಹಳ ಕಾಲ ಹಿಡಿದ ಒಂದು ಅನ್ಯಾಯವೂ ಇದೆ. ಊರಿಗೆ ಮರಳಿದ ಮೇಲೂ ಬಿಡದೆ ಕಾಡುವುದು ಇವೆಲ್ಲದರ ಬಗ್ಗೆ ಆ ಬೀದಿಗಳಲ್ಲಿ ಎಲ್ಲಿಯೂ ಒಂದು ಸಾಲಿನ ಬರಹವೂ ಕಣ್ಣಿಗೆ ಬೀಳುವುದಿಲ್ಲವೆಂಬ ಸಂಗತಿ.

ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು, ರಸ್ತೆ ದಾಟಿ, ಪಾರ್ಕ್ ನಿಲ್ದಾಣದಿಂದ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲನ್ನು ಹಿಡಿದರೆ ಎಗ್ಮೋರ್, ಚೇಟ್‌ಪೇಟ್, ನುಂಗಂಬಾಕ್ಕಂ, ಕೋಡಂಬಾಕ್ಕಂ ದಾಟಿ ಟಿ. ನಗರದ ನಿಲ್ದಾಣವಾದ ಮಾಂಬಲಂ ಬರುತ್ತದೆ. ಈ ಹಳಿಯ ಮೇಲೆ 1931ರಲ್ಲಿ ವಿದ್ಯುತ್ ರೈಲು ಓಡತೊಡಗಿದಾಗ ಟಿ. ನಗರ ಇನ್ನೂ ಹೊಸ ಬಡಾವಣೆ. ಅದಕ್ಕೂ ಮೊದಲು ಆ ನೆಲದ ಬಹುಭಾಗ ನೀರಿನಡಿಯಲ್ಲಿತ್ತು. ಮೈಲಾಪುರದ ಕೆರೆ ಮತ್ತು ನುಂಗಂಬಾಕ್ಕಂ ಕೆರೆ ಒಂದಕ್ಕೊಂದು ತಾಗಿಕೊಂಡು ಬಿಲ್ಲಿನಂತೆ ಬಾಗಿದ್ದ ಆ ಜಲರಾಶಿಯನ್ನು ಬ್ರಿಟಿಷರು ಉದ್ದದ ಕೆರೆ ಎಂದು ಕರೆಯುತ್ತಿದ್ದರು. ಮದರಾಸು ನಗರ ಯೋಜನಾ ಕಾಯಿದೆ 1920ರಲ್ಲಿ ಜಾರಿಗೆ ಬಂದ ಬೆನ್ನಿಗೆ, 1923ರ ಸುಮಾರಿಗೆ, ಕೆರೆಯ ನೀರನ್ನು ಹರಿಯಬಿಟ್ಟು, ಅಂಗಳವನ್ನು ಮಟ್ಟಮಾಡಿ, ನಡುವೆ ಒಂದು ಉದ್ಯಾನವನ್ನಿಟ್ಟು ಅದರಿಂದ ರಸ್ತೆಗಳು ನಾಲ್ದಿಕ್ಕಿಗೆ ಹೊರಡುವಂತೆ ನಿವೇಶನಗಳನ್ನು ಹಂಚಲಾಯಿತು. ಬೆಂಗಳೂರಿನವರಿಗೆ ಇದು ಹೊಸ ಕಥೆಯಲ್ಲ. ಪ್ಲೇಗಿನ ಹೊಡೆತದ ನಂತರ 1898ರಲ್ಲಿ ಹುಟ್ಟಿದ ಬಸವನಗುಡಿ, ಮಲ್ಲೇಶ್ವರಗಳೂ ಹೀಗೆಯೇ ಗೆರೆಯೆಳೆದು ಕಟ್ಟಿದ ಬಡಾವಣೆಗಳು. ಧರ್ಮಾಂಬುಧಿ ಕೆರೆಯ ಅಂಗಳವೇ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಕೆರೆ ಹೋದರೂ ಕೆರೆಯ ನೆನಪು ಹೋಗಿಲ್ಲ. ಪಶ್ಚಿಮ ಮಾಂಬಲದ ಲೇಕ್ ವ್ಯೂ ರಸ್ತೆಯಲ್ಲಿ ನಿಂತರೆ ಕಾಣಲು ಕೆರೆಯಿಲ್ಲ, ಆದರೆ ಜೋರು ಮಳೆ ಬಂದಾಗ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬರುತ್ತದೆ. 2015ರ ಡಿಸೆಂಬರಿನ ನೆರೆಯಲ್ಲಿ ಪಶ್ಚಿಮ ಮಾಂಬಲದ ಮನೆಗಳೊಳಗೆ ನೀರು ನುಗ್ಗಿದ್ದನ್ನು ಅಲ್ಲಿನವರು ಇನ್ನೂ ಗೋಡೆಯ ಮೇಲೆ ಕೈಯಿಟ್ಟು ಎತ್ತರ ತೋರಿಸಿ ಹೇಳುತ್ತಾರೆ.

ಅದೇ 1923ರ ಮಳೆಗಾಲದಲ್ಲಿ, ಘಟ್ಟದ ಆಚೆ, ನೇತ್ರಾವತಿ ಉಕ್ಕಿ ಬಂಟವಾಳ, ಪಾಣೆಮಂಗಳೂರುಗಳ ಮೇಲೆ ಹರಿಯಿತು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯದ ಭಾಗವಾಗಿದ್ದುದರಿಂದ ಅಲ್ಲಿನ ಜನರಿಗೆ ಕಚೇರಿ, ಕೋರ್ಟು, ಕಾಲೇಜುಗಳಿಗೆಲ್ಲ ಮದರಾಸೇ ರಾಜಧಾನಿ. ಗೇಣಿಯ ಗದ್ದೆಯಲ್ಲಿ ಹೊಟ್ಟೆ ತುಂಬದೆ, ದೇವಸ್ಥಾನ ಮತ್ತು ಮಠಗಳ ಅಡುಗೆಮನೆಯಲ್ಲಿ ಕಲಿತ ಕೆಲಸವೊಂದನ್ನೇ ನಂಬಿ ಹೊರಟ ಹುಡುಗರಲ್ಲಿ ಎಷ್ಟೋ ಮಂದಿ ಆ ದಾರಿ ಹಿಡಿದರು. ಉಡುಪಿ ಹೋಟೆಲುಗಳ ಬಗ್ಗೆ ಬರೆದವರು ವಲಸೆಗೆ ಬಡತನ, ದೊಡ್ಡ ಸಂಸಾರ, ಮಠದ ಪಾಕಪರಂಪರೆ ಎಂದು ಹಲವು ಕಾರಣಗಳನ್ನು ಕೊಡುತ್ತಾರೆ. ಒಂದೆಡೆ ನೀರು ಏರಿ ಬದುಕು ಕೊಚ್ಚಿಹೋದ ವರ್ಷವೇ ಇನ್ನೊಂದೆಡೆ ನೀರು ಇಳಿದು ಬಡಾವಣೆಗೆ ನೆಲ ಸಿಕ್ಕಿದ್ದು ಬರಿಯ ಕಾಕತಾಳೀಯವೇ ಇರಬಹುದು. ಆದರೂ ಮಾಂಬಲಂ ನಿಲ್ದಾಣದ ಮೆಟ್ಟಿಲಿಳಿದು ರಂಗನಾಥನ್ ಬೀದಿಯ ಜನಸಂದಣಿಯೊಳಗೆ ಕಾಲಿಡುವ ಕನ್ನಡಿಗರ ಮನಸ್ಸಿಗೆ ಈ ಎರಡು ನೀರುಗಳು ಒಟ್ಟಿಗೇ ಬರುವುದು ಸಹಜ.

ಬೆಳಗಿನ ಆರೂವರೆಗೆ ರಂಗನಾಥನ್ ಬೀದಿಯಲ್ಲಿ ಅಂಗಡಿಗಳ ಶಟರು ಇನ್ನೂ ಎತ್ತಿರುವುದಿಲ್ಲ. ತೆರೆದಿರುವುದು ಹೂವಿನವರು ಮತ್ತು ಕಾಫಿಯವರು ಮಾತ್ರ. ಬೀದಿಯ ಮೂಲೆಯ ಸಣ್ಣದೊಂದು ಕಾಫಿ ಅಂಗಡಿಯ ಮುಂದೆ ನಿಂತರೆ ಆ ಪಾನೀಯ ತಯಾರಾಗುವ ಕ್ರಮವನ್ನು ಕೈಯಳತೆಯಲ್ಲಿ ನೋಡಬಹುದು. ಹಿತ್ತಾಳೆಯ ಎತ್ತರದ ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಪುಡಿಯನ್ನು ಹದವಾಗಿ ಒತ್ತಿ, ಕುದಿನೀರು ಹೊಯ್ದು, ಕೆಳಗಿನ ಪಾತ್ರೆಗೆ ತೊಟ್ಟು ತೊಟ್ಟಾಗಿ ಇಳಿದ ಮೊದಲ ಡಿಕಾಕ್ಷನ್ನನ್ನು ಬೇರೆಯಾಗಿಯೂ, ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ ತೆಳುವಾದ ಎರಡನೆಯದನ್ನು ಬೇರೆಯಾಗಿಯೂ ಇಟ್ಟುಕೊಂಡಿರುತ್ತಾರೆ. ಲೋಟದ ತಳಕ್ಕೆ ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಆಮೇಲೆ ಕಾದು ಕೆನೆಗಟ್ಟಲು ಬಂದ ಹಾಲು. ಬಳಿಕ ಮೇಲಿನಿಂದ ಕೆಳಕ್ಕೆ ಒಂದೇ ಧಾರೆಯಾಗಿ ಎರಡು ಸಲ ಎತ್ತಿ ಹೊಯ್ದರೆ ನೊರೆ ಬರುತ್ತದೆ. ಪುಡಿಯಲ್ಲಿ ಚಿಕೋರಿ ಎಂಬ ಗಿಡದ ಬೇರನ್ನು ಹುರಿದು ಬೀಸಿ ಬೆರೆಸಿರುತ್ತಾರೆ. ಅದು ಡಿಕಾಕ್ಷನ್ನಿಗೆ ಮಂದತೆಯನ್ನೂ ಸ್ವಲ್ಪ ಕಹಿಯನ್ನೂ ಕೊಡುತ್ತದೆ, ಕಾನೂನಿನ ಪ್ರಕಾರ ಅದು ನೂರಕ್ಕೆ 49ನ್ನು ಮೀರುವಂತಿಲ್ಲ. "ಸಕ್ಕರೈ ಕಮ್ಮಿಯಾ ಸಾರ್?" ಎಂದು ಕೇಳಿ, ಉತ್ತರ ಬರುವುದರೊಳಗೆ ಅಂಗಡಿಯವರ ಕೈ ಅರ್ಧ ಕೆಲಸ ಮುಗಿಸಿರುತ್ತದೆ. ಬೀಜ ಎಲ್ಲಿಯದೆಂದು ಕೇಳಿದರೆ ಕೂರ್ಗ್, ಚಿಕ್ಕಮಗಳೂರು ಎಂಬ ಹೆಸರುಗಳು ಅವರ ಬಾಯಿಂದ ನೆರೆಮನೆಯ ಹೆಸರುಗಳಂತೆ ಬರುತ್ತವೆ.

ಆ ಕಾಫಿ ಬರುವುದು ದಬರಾ ಮತ್ತು ಟಂಬ್ಲರಿನಲ್ಲಿ, ಅಂದರೆ ಅಗಲ ಬಾಯಿಯ ಗಿಡ್ಡ ಬಟ್ಟಲು ಮತ್ತು ಅದರೊಳಗೆ ನಿಲ್ಲುವ ಲೋಟದಲ್ಲಿ. ಲೋಟದ ಅಂಚು ಹೊರಕ್ಕೆ ಬಾಗಿರುತ್ತದೆ. ತುಟಿಗೆ ತಾಗಿಸದೆ, ತಲೆಯೆತ್ತಿ, ಗಂಟಲಿಗೆ ನೇರವಾಗಿ ಹೊಯ್ದುಕೊಳ್ಳಲು ಅನುಕೂಲವಾಗುವಂಥ ಅಂಚು ಅದು. ಎಂಜಲಿನ ನಿಯಮವನ್ನು ಪಾಲಿಸುತ್ತಿದ್ದ ಮನೆಗಳಲ್ಲಿ ಕುಡಿಯುತ್ತಿದ್ದುದೇ ಹಾಗೆ. ಇಂದು ಬಹುತೇಕರು ಕಚ್ಚಿಯೇ ಕುಡಿಯುತ್ತಾರೆ. ಆದರೆ ಲೋಟದ ಆಕಾರ ಬದಲಾಗಿಲ್ಲ, ಮತ್ತು ಕಾಫಿ ಹೋಟೆಲಿನ ಚರಿತ್ರೆಯಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತು ಏನನ್ನು ಮುಟ್ಟಬಹುದೆಂಬ ಪ್ರಶ್ನೆ ಎಷ್ಟು ಆಳಕ್ಕಿಳಿದಿತ್ತೆಂಬುದನ್ನು ಆ ಅಂಚು ಈಗಲೂ ಹೇಳುತ್ತದೆ.

ಇಷ್ಟೊಂದು ಕಾಫಿಮಯವಾದ ಬಡಾವಣೆಯಲ್ಲಿ ಪಾನಗೃಹ ಏಕೆ ಬೇರೂರಲಿಲ್ಲ ಎಂಬುದಕ್ಕೆ ಉತ್ತರ ಅಭಿರುಚಿಯಲ್ಲಿಲ್ಲ, ಕಾನೂನಿನಲ್ಲಿದೆ. ರಾಜಾಜಿ ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದಾಗ 1937ರ ಅಕ್ಟೋಬರಿನಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದರು. ಮದ್ಯದ ತೆರಿಗೆ ತಪ್ಪಿದ್ದರಿಂದಾದ ಕೊರತೆಯನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನು ಹಾಕಿದರು. ಸ್ವಾತಂತ್ರ್ಯಾನಂತರ 1948ರಲ್ಲಿ ನಿಷೇಧ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಿತು. ಅಂದರೆ ಕೆರೆಯಂಗಳದ ಮೇಲೆ ಮನೆಗಳೆದ್ದು, ಪಾಂಡಿ ಬಜಾರು ಬೆಳೆದು, ಅಂಗಡಿಗಳು ತುಂಬಿ, ಒಂದು ಬಡಾವಣೆ ತನ್ನ ರೂಢಿಗಳನ್ನು ಕಂಡುಕೊಳ್ಳುತ್ತಿದ್ದ ಕಾಲದಲ್ಲಿ, 1948ರಿಂದ 1971ರಲ್ಲಿ ಕರುಣಾನಿಧಿಯವರ ಸರ್ಕಾರ ನಿಷೇಧವನ್ನು ಸಡಿಲಿಸುವ ತನಕ, ವೈದ್ಯಕೀಯ ಕಾರಣಕ್ಕೆ ಪರವಾನಗಿ ಪಡೆದ ಕೆಲವರನ್ನು ಬಿಟ್ಟರೆ ಯಾರೂ ಬಹಿರಂಗವಾಗಿ ಕುಡಿಯುವಂತಿರಲಿಲ್ಲ. 1974ರಲ್ಲಿ ನಿಷೇಧ ಮತ್ತೆ ಬಂತು, ಮತ್ತೆ ಹೋಯಿತು. 1983ರಲ್ಲಿ ಟಾಸ್ಮಾಕ್ ಎಂಬ ಸರ್ಕಾರಿ ನಿಗಮ ಸ್ಥಾಪನೆಯಾಗಿ, 2003ರಲ್ಲಿ ಚಿಲ್ಲರೆ ಮಾರಾಟವೂ ಅದರ ಕೈಗೇ ಹೋಯಿತು. ಗೆಳೆಯರೊಂದಿಗೆ ಕುಳಿತು ಮಾತನಾಡಬೇಕೆನ್ನುವವರಿಗೆ, ಊರು ಬಿಟ್ಟು ಬಂದ ಗುಮಾಸ್ತರಿಗೆ, ಕೆಲಸ ಹುಡುಕುವವರಿಗೆ, ಕಥೆ ಹೇಳಲು ನಿರ್ಮಾಪಕರಿಗಾಗಿ ಕಾಯುವವರಿಗೆ ಉಳಿದದ್ದು ಕಾಫಿ ಹೋಟೆಲೊಂದೇ. ಕಾಫಿ ತಮಿಳುನಾಡಿನ ಸಾರ್ವಜನಿಕ ಬದುಕನ್ನು ಹೇಗೆ ಬದಲಿಸಿತೆಂಬುದನ್ನು ಚರಿತ್ರೆಕಾರ ಎ.ಆರ್. ವೆಂಕಟಾಚಲಪತಿಯವರು 2006ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಅದಕ್ಕೆ ಕನ್ನಡದ ಕಡೆಯಿಂದ ಸೇರಿಸಬೇಕಾದ ಅಧ್ಯಾಯವೊಂದಿದೆ, ಅದು ಕಡಂದಲೆಯಿಂದ ಆರಂಭವಾಗುತ್ತದೆ.

ಮೂಡುಬಿದಿರೆಗೆ ಹತ್ತಿರದ ಕಡಂದಲೆಯಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಮದರಾಸಿಗೆ ಹೋಗಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು, ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ ಸಣ್ಣದೊಂದು ಹೋಟೆಲನ್ನು ವಹಿಸಿಕೊಂಡು, ಬಳಿಕ ಮೌಂಟ್ ರಸ್ತೆಯಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿದರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯೊಂದನ್ನು ಗುತ್ತಿಗೆಗೆ ಪಡೆದು ತೆರೆದದ್ದು ವುಡ್‌ಲ್ಯಾಂಡ್ಸ್. 1952ರಲ್ಲಿ, ಇಂದು ಡಾ. ರಾಧಾಕೃಷ್ಣನ್ ಸಾಲೈ ಎನಿಸಿರುವ ರಸ್ತೆಯಲ್ಲಿ, ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಕೆಥೆಡ್ರಲ್ ರಸ್ತೆಯ ತೋಟಗಾರಿಕಾ ಸಂಘದ ಜಾಗದಲ್ಲಿ ಡ್ರೈವ್-ಇನ್, ಅಂದರೆ ವಾಹನದಲ್ಲಿ ಕುಳಿತಲ್ಲಿಗೇ ತಿಂಡಿ ತಂದುಕೊಡುವ ಹೋಟೆಲು, ಆರಂಭವಾಯಿತು. ಮೈಸೂರಿನಲ್ಲಿ 1921ರಲ್ಲಿ ಮೊದಲಾದ ದಾಸಪ್ರಕಾಶವೂ ಪೂನಮಲ್ಲಿ ಹೆದ್ದಾರಿಯಲ್ಲಿ ದೊಡ್ಡ ಹೋಟೆಲನ್ನು ಕಟ್ಟಿತು. ಇವು ಹೆಸರಾದವು. ಇವುಗಳ ನೆರಳಿನಲ್ಲಿ ಓಣಿಗೊಂದರಂತೆ ಹುಟ್ಟಿದ ಕಫೆಗಳು, ಭವನಗಳು, ವಿಲಾಸಗಳು, ನೆಂಟರ ಕೈಯಿಂದ ನೆಂಟರ ಕೈಗೆ ದಾಟುತ್ತ ಹೋದ ಪಾಲುದಾರಿಕೆಗಳು ಎಷ್ಟಿದ್ದವೋ, ಆ ಲೆಕ್ಕವೇ ಉಳಿದಿಲ್ಲ.

ಬಡಾವಣೆಯ ನಡುವಿನ ಉದ್ಯಾನವಾದ ಪನಗಲ್ ಪಾರ್ಕಿನಿಂದ ಪಾಂಡಿ ಬಜಾರಿನ ಕಡೆಗೆ ನಡೆದು ಪಕ್ಕದ ಓಣಿಯೊಂದಕ್ಕೆ ತಿರುಗಿದಾಗ ಸಿಗುವ ಹಳೆಯ ಹೋಟೆಲೊಂದು ಅಂಥವುಗಳ ಪೈಕಿ ಉಳಿದದ್ದು. ಒಳಗೆ ಸಾಲು ಮೇಜುಗಳು, ಕಲ್ಲಿನ ಮೇಲ್ಮೈ, ಅಂಚು ಸವೆದ ಬೆಂಚುಗಳು. ಗಲ್ಲಾಪೆಟ್ಟಿಗೆಯ ಹಿಂದೆ ಉಡುಪಿ ಕೃಷ್ಣನ ಚೌಕಟ್ಟಿನ ಪಟ, ಅದರ ಮೇಲೆ ಆ ದಿನದ ಮಲ್ಲಿಗೆ. ಬೆಂಗಳೂರಿನಿಂದ ಹೋದ ಪ್ರವಾಸಿ ತಮಿಳಿನಲ್ಲಿ ತಡವರಿಸುತ್ತ ಇಡ್ಲಿ ಕೇಳಿದಾಗ, ಬಿಳಿ ಅಂಗಿಯ ವಯಸ್ಸಾದ ಮಾಣಿ (ಉಡುಪಿ ಹೋಟೆಲುಗಳಲ್ಲಿ ತಿಂಡಿ ತಂದುಕೊಡುವವರನ್ನು ವಯಸ್ಸು ಎಷ್ಟೇ ಆಗಿದ್ದರೂ ಹಾಗೆಯೇ ಕರೆಯುತ್ತಿದ್ದರು) ಒಂದು ಕ್ಷಣ ನೋಡಿ, "ಹ್ವಾಯ್, ಎಲ್ಲಾಯ್ತ್ ನಿಮ್ಗೆ?" ಎಂದರು. ಕುಂದಾಪುರದ ಕಡೆಯವರು ಊರನ್ನು ವಿಚಾರಿಸುವ ಬಗೆ ಅದು. ಬೆಂಗಳೂರು ಎಂದು ಕೇಳಿ ಅವರ ಮುಖದಲ್ಲಿ ಮೂಡಿದ್ದು ಸಂತೋಷವೇ ಆದರೂ, ಕರಾವಳಿಯ ಹೆಸರೊಂದನ್ನು ನಿರೀಕ್ಷಿಸಿದ್ದರೆಂಬುದು ತಿಳಿಯುವಂತಿತ್ತು.

ಅವರು ತಂದದ್ದು ಸಾಂಬಾರ್ ಇಡ್ಲಿ. ಬೆಂಗಳೂರಿನಲ್ಲಿ ಇಡ್ಲಿಗೆ ಚಟ್ನಿಯೇ ಮುಖ್ಯ, ಸಾಂಬಾರು ಪಕ್ಕದ ಬಟ್ಟಲಿನಲ್ಲಿ; ಬಸವನಗುಡಿಯ ಕೆಲವು ಪ್ರಸಿದ್ಧ ಜಾಗಗಳಲ್ಲಿ ಸಾಂಬಾರೇ ಇಲ್ಲ. ಇಲ್ಲಿ ಇಡ್ಲಿಗಳು ಸಾಂಬಾರಿನಲ್ಲಿ ಪೂರ್ತಿ ಮುಳುಗಿ, ಮೇಲೆ ತುಪ್ಪದ ತೆಳುಪದರ, ಹೆಚ್ಚಿದ ಕೊತ್ತಂಬರಿ, ಇಡಿಯಾದ ಸಣ್ಣ ಈರುಳ್ಳಿಗಳು. ಉಡುಪಿಯ ಕಡೆಯ ಸಾಂಬಾರಿನ ಬೆಲ್ಲದ ಸಿಹಿ ತಮಿಳರ ನಾಲಗೆಗೆ ಒಗ್ಗುವುದಿಲ್ಲವಾದ್ದರಿಂದ ಹೋಟೆಲಿನವರು ಅದನ್ನು ಕೈಬಿಟ್ಟರು; ಆದರೆ ಕೊನೆಯಲ್ಲಿ, ಬಟ್ಟಲಿನ ತಳದಲ್ಲಿ, ಹುರಿದ ಕೊಬ್ಬರಿಯ ಒಂದು ಸುಳಿವು ಉಳಿದಿರುತ್ತದೆ. ವಲಸೆ ಹೋದವರು ಏನನ್ನು ಬಿಟ್ಟುಕೊಟ್ಟರು, ಏನನ್ನು ಉಳಿಸಿಕೊಂಡರು ಎಂಬ ದೊಡ್ಡ ಪ್ರಶ್ನೆಗೆ ಅಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗಲಾರದು. ತಿಂಡಿಪಟ್ಟಿಯಲ್ಲಿ ಮೈಸೂರು ಬೋಂಡಾ, ಮಂಗಳೂರು ಬೋಂಡಾ, ಮೈಸೂರು ಮಸಾಲೆ ದೋಸೆ, ಬಿಸಿಬೇಳೆ ಬಾತ್ ಎಲ್ಲವೂ ತಮಿಳು ಲಿಪಿಯಲ್ಲಿದ್ದವು. ಅವುಗಳನ್ನು ತಿನ್ನುತ್ತಿದ್ದ ಪಕ್ಕದ ಮೇಜಿನ ಕುಟುಂಬಕ್ಕೆ ಅವು ತಮ್ಮ ಊರಿನವೇ ತಿಂಡಿಗಳು. ಅದು ಸರಿಯಾದದ್ದೇ.

ಜನ ಕಡಿಮೆಯಾದ ಹೊತ್ತಿನಲ್ಲಿ ಮಾಣಿ ಗೋಡೆಗೆ ಒರಗಿ ನಿಂತು ತಮ್ಮ ಕಥೆ ಹೇಳಿದರು. ಚಿಕ್ಕ ವಯಸ್ಸಿನಲ್ಲಿ ಊರಿನವರೊಬ್ಬರು ಕರೆತಂದದ್ದು, ಮೊದಲು ಮೇಜು ಒರೆಸುವ ಕೆಲಸ, ಆಮೇಲೆ ರುಬ್ಬುವ ಕಲ್ಲಿನ ಮುಂದೆ, ಆಮೇಲೆ ಸಪ್ಲೈ. ರಾತ್ರಿ ಮಲಗುವುದು ಹೋಟೆಲಿನ ಅಟ್ಟದ ಮೇಲೆ, ವರ್ಷಕ್ಕೊಮ್ಮೆ ಊರಿಗೆ. ಬೆಳಿಗ್ಗೆ ಕಾಫಿಗೆ ಬಂದು ಮೂರು ಪತ್ರಿಕೆ ಓದಿ ಹೋಗುತ್ತಿದ್ದ ನಿವೃತ್ತರು, ಒಂದು ದೋಸೆ ತರಿಸಿಕೊಂಡು ಇಬ್ಬರು ಹಂಚಿಕೊಂಡು ಎರಡು ಗಂಟೆ ಕುಳಿತಿರುತ್ತಿದ್ದ ಸಿನಿಮಾದ ಹುಡುಗರು, ತಿಂಗಳ ಕೊನೆಗೆ ಖಾತೆಯಲ್ಲಿ ಬರೆಸಿ ಉಣ್ಣುತ್ತಿದ್ದ ಮೇಕಪ್ಪಿನವರು, ಎಲ್ಲರ ಮುಖವೂ ಅವರಿಗೆ ನೆನಪಿತ್ತು. ಕುಳಿತವರನ್ನು ಏಳಿ ಎನ್ನಬಾರದೆಂಬುದು ಹಳೆಯ ಧಣಿಗಳ ಕಟ್ಟಪ್ಪಣೆಯಾಗಿತ್ತಂತೆ. ಈಗ ಅಡುಗೆಮನೆಯಲ್ಲಿ ಒಡಿಶಾದ, ಬಂಗಾಳದ ಹುಡುಗರಿದ್ದಾರೆ. ದೋಸೆ ಹುಯ್ಯುವ ಹುಡುಗ ಸೊಗಸಾಗಿ ಕಲಿತಿದ್ದಾನೆಂದು ಅವರು ಹೊಗಳಿದರು. ತಮ್ಮ ಮಕ್ಕಳು ಈ ಕೆಲಸಕ್ಕೆ ಬರಲಿಲ್ಲವೆಂದು ಹೇಳುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ. "ಅವ್ರ್ ಓದಿದ್ರಲ್ಲೆ ಮಾರಾಯ್ರೆ, ಅದ್ಕೇ ನಾ ಇಲ್ಲಿಗ್ ಬಂದದ್ದ್" ಎಂದರು.

ಇಂಥ ಜಾಗಗಳನ್ನು ನೆನೆಯುವಾಗ ಮೆಚ್ಚುಗೆಯಷ್ಟನ್ನೇ ಬರೆದು ಬಿಡುವುದು ಸತ್ಯಕ್ಕೆ ಬಗೆವ ಅಪಚಾರವಾಗುತ್ತದೆ. ಮದರಾಸಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿತ್ತು, ದಲಿತರಿಗೆ ಪ್ರವೇಶವೇ ಇರಲಿಲ್ಲ. ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿಯೂ ಇದೇ ವಿಂಗಡಣೆ ನಡೆಯುತ್ತಿತ್ತು, ಪೆರಿಯಾರ್ ಮತ್ತು ಅವರ ಸಂಗಡಿಗರ ಹೋರಾಟದ ನಂತರ 1941ರಲ್ಲಿ ಅದು ಕೊನೆಗೊಂಡಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದ ಮೇಲೆಯೂ ಫಲಕಗಳಲ್ಲಿ ಬ್ರಾಹ್ಮಣರ ಹೋಟೆಲು ಎಂಬ ಬರಹ ಉಳಿದಿತ್ತು; 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕಫೆಯ ಮುಂದೆ ಪೆರಿಯಾರ್ ಆ ಪದವನ್ನು ಅಳಿಸುವ ಚಳವಳಿಯನ್ನು ಆರಂಭಿಸಿದಾಗ ನೂರಾರು ಜನ ಬಂಧನಕ್ಕೊಳಗಾದರು, ಕೊನೆಗೆ ಆ ಪದವನ್ನು ತೆಗೆಯಬೇಕಾಯಿತು. ಟಿ. ನಗರದ ಬೀದಿಗಳಲ್ಲಿ ನಡೆಯುವಾಗ ಈ ಸಂಗತಿ ಇನ್ನಷ್ಟು ತೀಕ್ಷ್ಣವಾಗಿ ನಾಟುತ್ತದೆ. ಏಕೆಂದರೆ ಈ ಬಡಾವಣೆಯನ್ನು ಕಟ್ಟಿಸಿದ್ದು ಜಸ್ಟಿಸ್ ಪಕ್ಷ, ಅಂದರೆ ಬ್ರಾಹ್ಮಣೇತರರಿಗೆ ಅಧಿಕಾರದಲ್ಲಿ ಪಾಲು ಬೇಕೆಂದು 1916ರಲ್ಲಿ ಹುಟ್ಟಿದ ಸಂಘಟನೆ. ಬಡಾವಣೆಯ ಹೆಸರು ಅದರ ನಾಯಕ ಪಿಟ್ಟಿ ತ್ಯಾಗರಾಯ ಚೆಟ್ಟಿಯವರದು, ಉದ್ಯಾನದ ಹೆಸರು ಆಗಿನ ಮುಖ್ಯಮಂತ್ರಿ ಪನಗಲ್ ರಾಜರದು. ಆ ಪಕ್ಷದವರೇ ಆದ ನಟೇಶನ್, ಉಸ್ಮಾನ್, ಸೌಂದರಪಾಂಡಿಯನ್ ಎಲ್ಲರೂ ಒಂದೊಂದು ರಸ್ತೆ, ಉದ್ಯಾನ, ಬಜಾರಿನ ಹೆಸರಿನಲ್ಲಿ ಉಳಿದಿದ್ದಾರೆ. ಸಮಾನತೆಗಾಗಿ ಹೋರಾಡಿದವರ ಹೆಸರಿನ ಬೀದಿಗಳಿರುವ ನಗರದಲ್ಲೇ ಒಂದು ಲೋಟ ಕಾಫಿಗೆ ಜಾತಿ ಕೇಳುತ್ತಿದ್ದರು. ಉಡುಪಿ ಹೋಟೆಲುಗಳು ಆ ವಿಂಗಡಣೆಯನ್ನು ಮುಂದುವರಿಸಿದವು ಎಂಬುದು ಎಷ್ಟು ನಿಜವೋ, ಕಾಸು ಕೊಟ್ಟವರಿಗೆಲ್ಲ ಒಂದೇ ಬೆಂಚು ಎಂಬ ನಡೆ ಕಾಲಕ್ರಮದಲ್ಲಿ ಅವುಗಳ ಒಳಗೇ ರೂಢಿಯಾಯಿತೆಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು. ಎರಡನೆಯದಕ್ಕೆ ಸಲ್ಲಬೇಕಾದ ಶ್ರೇಯಸ್ಸಿನ ಬಹುಪಾಲು ಹೊರಗೆ ನಿಂತು ಹೋರಾಡಿದವರದು.

ಮಧ್ಯಾಹ್ನದ ಬಿಸಿಲಿನಲ್ಲಿ ಹಬೀಬುಲ್ಲಾ ರಸ್ತೆಗೆ ಹೋದರೆ ಮರಗಳ ನೆರಳು ಇನ್ನೂ ಅಲ್ಲಲ್ಲಿ ಉಳಿದಿದೆ. ಕರ್ನಾಟಕ ಸಂಘದ ಶಾಲೆ ಇರುವುದು ಈ ರಸ್ತೆಯಲ್ಲಿ. ತಮಿಳು ನಟರ ಸಂಘವೂ ಇದೇ ರಸ್ತೆಯಲ್ಲಿದೆ. ಈ ನೆರೆತನಕ್ಕೆ ಅರ್ಥವಿದೆ. 1970ರ ದಶಕದವರೆಗೂ ಕನ್ನಡ ಚಿತ್ರಗಳು ಬಹುಮಟ್ಟಿಗೆ ತಯಾರಾಗುತ್ತಿದ್ದುದು ಪಕ್ಕದ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ. 1954ರ ಬೇಡರ ಕಣ್ಣಪ್ಪದಿಂದ ಮೊದಲ್ಗೊಂಡು ರಾಜಕುಮಾರರ ಸಂಸಾರ ಬಹುಕಾಲ ಮದರಾಸಿನಲ್ಲೇ ಇತ್ತು. ಅವರ ಮಕ್ಕಳಾದ ಶಿವರಾಜಕುಮಾರ್ 1962ರಲ್ಲಿ, ಪುನೀತ್ 1975ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಕನ್ನಡ ನಾಡಿನ ಮೆಚ್ಚಿನ ಚಿತ್ರಗಳನ್ನು ಬರೆದವರು, ಹಾಡಿದವರು, ಲೈಟು ಹಿಡಿದವರು ಕೆಲಸದ ನಡುವೆ ಬಾಯಿಗೆ ಹಿಡಿಸುವ ಅನ್ನ, ಸಾರು, ಕಾಫಿಗೆ ಈ ಸುತ್ತಮುತ್ತಲ ಹೋಟೆಲುಗಳನ್ನೇ ನೆಚ್ಚಿಕೊಂಡಿದ್ದರು. ಉದ್ಯಮ ಬೆಂಗಳೂರಿಗೆ ಬಂದದ್ದು ಸಂತೋಷದ ಸಂಗತಿ. ಅದು ಎರಡು ದಶಕ ಉಂಡ ಮನೆಯನ್ನು ಮರೆತದ್ದು ನ್ಯಾಯವಲ್ಲ.

ಸಂಜೆ ಪಾಂಡಿ ಬಜಾರಿನಲ್ಲಿ ಜನ ತುಂಬಿ ತುಳುಕುತ್ತಾರೆ. 2019ರಲ್ಲಿ ಇಲ್ಲಿನ ರಸ್ತೆಯ ಎರಡೂ ಬದಿಗೆ ಅಗಲವಾದ ಕಾಲುದಾರಿಯನ್ನು ಮಾಡಿ ಕಲ್ಲುಬೆಂಚುಗಳನ್ನು ಹಾಕಿದ್ದಾರೆ. ಸೀರೆಯ ಚೀಲಗಳನ್ನು ಕಾಲಬುಡದಲ್ಲಿಟ್ಟುಕೊಂಡು ಕುಳಿತ ಹೆಂಗಸರು, ಆಟಿಕೆಗೆ ಹಟ ಹಿಡಿದ ಮಕ್ಕಳು, ಯಾರಿಗೋ ಕಾಯುವ ಮುದುಕರು ಅಲ್ಲಿ ಕಾಣುತ್ತಾರೆ. ಪಬ್ಬು ಇಲ್ಲವೇ ಇಲ್ಲವೆಂದಲ್ಲ. ತಮಿಳುನಾಡಿನ ನಿಯಮಗಳಂತೆ ಮದ್ಯವನ್ನು ಕುಳಿತು ಕುಡಿಯಲು ಕೊಡುವ ಪರವಾನಗಿ ಮುಖ್ಯವಾಗಿ ಕ್ಲಬ್ಬುಗಳಿಗೆ ಮತ್ತು ತಾರಾ ಹೋಟೆಲುಗಳಿಗೆ ಸಿಗುವುದರಿಂದ, ಟಿ. ನಗರದ ದೊಡ್ಡ ಹೋಟೆಲುಗಳ ಒಳಗೆ ಮರದ ಹಲಗೆ, ಮಂದ ಬೆಳಕು, ಇಂಗ್ಲಿಷ್ ಹಾಡುಗಳ ಪಬ್ಬುಗಳು ಇವೆ. ಅವು ಚೊಕ್ಕಟವಾಗಿವೆ, ಆದರೆ ಬೀದಿಯ ಜೊತೆ ಅವಕ್ಕೆ ಸಂಬಂಧವಿಲ್ಲ. ಬೇರೆ ಯಾವ ನಗರದಲ್ಲಿದ್ದರೂ ಅವು ಹೀಗೆಯೇ ಇರುತ್ತವೆ. ಇನ್ನೊಂದು ತುದಿಯಲ್ಲಿ ಟಾಸ್ಮಾಕ್ ಅಂಗಡಿಯ ಕಬ್ಬಿಣದ ಜಾಲರಿಯ ಮುಂದಿನ ಸಾಲು. ದಿನಗೂಲಿಯ ಗಂಡಸರು ದುಡ್ಡನ್ನು ಒಳಗೆ ಚಾಚಿ, ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ನೋಡದೆ ಹೋಗುತ್ತಾರೆ. ಕುಡಿತ ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆಯೇ ಚರ್ಚೆ. ಆದರೆ ದಣಿದವರು ಗೌರವದಿಂದ ಕುಳಿತು ನಾಲ್ಕು ಮಾತನಾಡುವ ಜಾಗವನ್ನು ಕೊಡದೆ ಸರಕನ್ನಷ್ಟೇ ಮಾರುವ ವ್ಯವಸ್ಥೆ ಮನುಷ್ಯರನ್ನು ಒಂಟಿಯಾಗಿಸುತ್ತದೆಂಬುದು ಆ ಸಾಲನ್ನು ನೋಡಿದವರಿಗೆ ಹೊಳೆಯದೆ ಇರದು.

ಕಾಫಿ ಹೋಟೆಲುಗಳೂ ಈಗ ಅದೇ ದಾರಿಯಲ್ಲಿವೆ ಎಂಬುದೇ ಕಳವಳದ ಮಾತು. ಈ ವಿಷಯದಲ್ಲಿ ಬೆಂಗಳೂರು ಚೆನ್ನೈಗಿಂತ ಮುಂದೆ ಹೋಗಿದೆ. 1983ರಲ್ಲಿ ಜಯನಗರದಲ್ಲಿ ಕಫೆ ದರ್ಶಿನಿ ಆರಂಭವಾದ ಮೇಲೆ ನಿಂತು ತಿನ್ನುವುದು ಊರಿನ ರೂಢಿಯಾಯಿತು; ಅಗ್ಗದ ಬೆಲೆಗೆ ಬಿಸಿ ತಿಂಡಿ ಸಿಕ್ಕಿತು, ಕೂರುವ ಜಾಗ ಹೋಯಿತು. ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ಕುಳಿತು ತಿನ್ನಬಹುದು, ಆದರೆ ಬಾಗಿಲಲ್ಲಿ ಕಾಯುವವರ ಕಣ್ಣು ಬೆನ್ನ ಮೇಲಿರುತ್ತದೆ. ಟಿ. ನಗರದ ಹಳೆಯ ಹೋಟೆಲಿನಲ್ಲಿ ಸಂಜೆ ಮತ್ತೆ ಹೋಗಿ ಕುಳಿತಾಗ ಅರ್ಧಕ್ಕರ್ಧ ತಿಂಡಿ ಪೊಟ್ಟಣಗಳಾಗಿ ಹೊರಗೆ ನಿಂತ ಬೈಕುಗಳ ಚೀಲಕ್ಕೆ ಹೋಗುತ್ತಿತ್ತು. ನೆಲದ ಬೆಲೆ ಏರಿದ ಹಾಗೆ ಒಂದು ಮೇಜು ಗಂಟೆಗೆ ಎಷ್ಟು ದುಡಿಯಬೇಕೆಂಬ ಲೆಕ್ಕವೂ ಏರುತ್ತದೆ; ಹಳೆಯ ಧಣಿಯ ಕಟ್ಟಪ್ಪಣೆ ಆ ಲೆಕ್ಕದ ಎದುರು ಬಹಳ ದಿನ ನಿಲ್ಲಲಾರದು.

ಮರುದಿನ ಬೆಳಿಗ್ಗೆ ಟಿ. ನಗರದಿಂದ ಕೆಥೆಡ್ರಲ್ ರಸ್ತೆಗೆ ಹೋದದ್ದು ಕೃಷ್ಣರಾಯರ ಡ್ರೈವ್-ಇನ್ ಇದ್ದ ಜಾಗವನ್ನು ನೋಡಲು. 2008ರಲ್ಲಿ ಸರ್ಕಾರ ಆ ನೆಲವನ್ನು ಮರಳಿ ಪಡೆದಾಗ ಹೋಟೆಲು ಮುಚ್ಚಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ, ಅಂದರೆ ಅಭಿಜಾತ ಭಾಷೆಯ ಹೆಸರಿನ ಉದ್ಯಾನ, ಸಿದ್ಧವಾಯಿತು. ಉದ್ಯಾನ ಚೆಂದವಿದೆ. ಹಳೆಯ ಮರಗಳನ್ನು ಉಳಿಸಿಕೊಂಡಿದ್ದಾರೆ, ಬೆಳಗಿನ ನಡಿಗೆಯವರು ನೆಮ್ಮದಿಯಾಗಿ ಸುತ್ತುತ್ತಾರೆ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಇದೇ ಮರಗಳಡಿಯಲ್ಲಿ ವಿದ್ಯಾರ್ಥಿಗಳು, ವಕೀಲರು, ಪತ್ರಕರ್ತರು, ಪ್ರೇಮಿಗಳು ಒಂದು ಕಾಫಿಗೆ ಒಂದು ಮಧ್ಯಾಹ್ನವನ್ನೇ ಕಳೆಯುತ್ತಿದ್ದರು. ಅಲ್ಲಿ ಅಡ್ಡಾಡುತ್ತಿದ್ದ ಹಿರಿಯರೊಬ್ಬರನ್ನು ವಿಚಾರಿಸಿದಾಗ, ಅವರು ಕೈಯೆತ್ತಿ ಮರವೊಂದನ್ನು ತೋರಿಸಿ, ತಮ್ಮ ಕಚೇರಿಯ ಗೆಳೆಯರು ಪ್ರತಿ ಶನಿವಾರ ಕೂರುತ್ತಿದ್ದುದು ಅದರ ಕೆಳಗೆ ಎಂದು ಹೇಳಿ, ಆಗಿನ ಪೂರಿಯ ಗಾತ್ರವನ್ನು ಎರಡೂ ಅಂಗೈಗಳಿಂದ ವಿವರಿಸಿದರು.

ಇಂಗ್ಲೆಂಡಿನಲ್ಲಿ 2011ರ ಸ್ಥಳೀಯತಾ ಕಾಯಿದೆಯ ಅಡಿಯಲ್ಲಿ ಊರಿನವರು ತಮ್ಮ ಪಬ್ಬನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿಯೆಂದು ಪಟ್ಟಿಗೆ ಸೇರಿಸಲು ಕೋರಬಹುದು. ಹಾಗೆ ಸೇರಿದ ಪಬ್ಬು ಮಾರಾಟಕ್ಕೆ ಬಂದರೆ ಅದನ್ನು ಕೊಳ್ಳಲು ಮುಂದಾಗುವ ನೆರೆಹೊರೆಯವರಿಗೆ ಕಾನೂನು ಕಾಲಾವಕಾಶ ಕೊಡುತ್ತದೆ. ಅಂಥ ಕಾಯಿದೆ ನಮ್ಮಲ್ಲಿ ಬರುವ ತನಕ ಕಾಯಬೇಕಾಗಿಲ್ಲ. ಮದರಾಸು ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಟಿ. ನಗರದಲ್ಲೇ ಕನ್ನಡಿಗರ ಸಂಘವಿದೆ. ಮೇಜು ಒರೆಸಿ, ಹಿಟ್ಟು ರುಬ್ಬಿ, ಲೆಕ್ಕ ಬರೆದು ಮದರಾಸಿನ ಕಾಫಿ ಹೋಟೆಲುಗಳನ್ನು ಕಟ್ಟಿದವರ ಪೈಕಿ ಇನ್ನೂ ಬದುಕಿರುವವರ ಮಾತನ್ನು ಅವರದೇ ಕುಂದಾಪುರದ, ಉಡುಪಿಯ, ಕಾರ್ಕಳದ ನುಡಿಯಲ್ಲಿ ಧ್ವನಿಮುದ್ರಿಸಿಡುವುದು, ಹಳೆಯ ಖಾತೆ ಪುಸ್ತಕಗಳನ್ನೂ ಪಾಲುದಾರಿಕೆಯ ಪತ್ರಗಳನ್ನೂ ಗೆದ್ದಲು ತಿನ್ನುವ ಮೊದಲು ಕೇಳಿ ಪಡೆಯುವುದು, ಬಾಗಿಲಲ್ಲೇ ತಡೆಯಲ್ಪಟ್ಟವರ ನೆನಪುಗಳನ್ನೂ ಅದೇ ಕಡತದಲ್ಲಿ ಸೇರಿಸುವುದು ಈ ಸಂಸ್ಥೆಗಳಿಗೆ ಅಸಾಧ್ಯವಾದ ಕೆಲಸವಲ್ಲ. ಆದರೆ ಅದು ಈಗಲೇ ಆಗಬೇಕು, ಏಕೆಂದರೆ ಹೇಳಬಲ್ಲವರು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಸೀರೆ ಕೊಳ್ಳಲು ಟಿ. ನಗರಕ್ಕೆ ಹೋಗುವ ಓದುಗರೂ ಒಂದು ಕೆಲಸ ಮಾಡಬಹುದು: ಹಳೆಯ ಹೋಟೆಲೊಂದನ್ನು ಹುಡುಕಿ, ಪೊಟ್ಟಣ ಕಟ್ಟಿಸಿಕೊಳ್ಳದೆ ಒಳಗೆ ಕುಳಿತು, ಕಾಫಿ ತಂದವರನ್ನು ಅವರ ಊರು ಯಾವುದೆಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಂಡು ಬರಬೇಕು.